ಕಾಕಾನ ಕಾರಿನ ಢಕ್ಕನ್

ಒಂದು ಒಗಟು. ಕಾರಿನಲ್ಲಿ ಎಲ್ಲರಿಗಿಂತ ಮೊದಲು ಕೂರುತ್ತದೆ, ಎಲ್ಲರೂ ಇಳಿದ ಮೇಲೂ ಇಳಿಯುವುದಿಲ್ಲ, ಸೀರೆ ಹಿಡಿದುಕೊಂಡು ಮದುವೆ ಮನೆಗೂ ಬರುತ್ತದೆ. ಏನದು? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ. ಬಸವಕಲ್ಯಾಣದಲ್ಲಿ ನಮ್ಮ ಕಾಕಾನ ಹಳೇ ಕಾರು ಹತ್ತದವರಿಗೆ ಅದು ಹೊಳೆಯುವುದೇ ಇಲ್ಲ. ಪೆಟ್ರೋಲ್ ವಾಸನೆ! ಅಂಥ ಕಾರು ಇರುವ ಮನೆಯಲ್ಲಿ ನಗಲಿಕ್ಕೆ ಟಿವಿ ಬೇಕಿಲ್ಲ.

ಹೋದ ಸಲ ಮದುವೆಯಲ್ಲಿ ಹೆಂಗಸರು ಕಾಕಿಯ ಹತ್ತಿರ ಬಂದು ಮೂಸಿ ನೋಡಿ, ಪೆಟ್ರೋಲ್ ಬಂಕಿನಾಗ ನೌಕರಿ ಹತ್ತೇದೇನ್ರಿ ಅಂತ ಕೇಳಿದ್ದರು. ಮನೆಗೆ ಬಂದು ಕಾಕಿ ತೀರ್ಪು ಕೊಟ್ಟಳು. ಹುಮನಾಬಾದಿನಲ್ಲಿ ತನ್ನ ಅಣ್ಣನ ಮಗಳ ಕುಬಸ, ಅಂದರೆ ಸೀಮಂತ, ಬರುವುದರೊಳಗೆ ವಾಸನೆ ಹೋಗಬೇಕು, ಇಲ್ಲವೇ ಕಾರು ಹೋಗಬೇಕು. ಕಾಕಾನಿಗೆ ಆ ಕಾರೆಂದರೆ ಜೀವ.

೧. ಊದಬತ್ತಿ

ಕಾಕಾನ ಮೊದಲ ರಿಪೇರಿ ಊದಬತ್ತಿ. ಸ್ಟೇರಿಂಗ್ ಮುಂದಿನ ದೇವರ ಫೋಟೋಕ್ಕೆ ಸಿಕ್ಕಿಸಿ, ಕಡ್ಡಿ ಗೀರಲು ಹೊರಟ. ನಾನು ಕಡ್ಡಿಪೆಟ್ಟಿಗೆ ಕಸಿದುಕೊಂಡೆ. ದೇವರಿಗೆ ಬೆಳಗಾಕತ್ತೇನಿ, ಅಡ್ಡ ಬರಬ್ಯಾಡ ಅಂದ.

"ಬೆಳಗು ಕಾಕಾ. ಆದ್ರ ಇಲ್ಲಿ ಹಚ್ಚಿದ್ರ ದೇವರ ಹತ್ರ ನೀನೇ ಹೋಗಿ ಬೆಳಗಬೇಕಾಗತದ."

೨. ತಪಕೀರು

ಕಾಕಾನಿಗೆ ವಾಸನೆ ಬರುತ್ತಲೇ ಇರಲಿಲ್ಲ. ಮೂಗಿನ ತುಂಬ ತಪಕೀರು, ಅಂದರೆ ನಶ್ಯ. ವಾಸನಿ ಗಾಡ್ಯಾಗ ಇಲ್ಲ, ನಿನ್ನ ಮೂಗಿನಾಗ ಅದ ಅಂತ ಕಾಕಿಗೇ ತಿರುಗಿ ಹೇಳುತ್ತಿದ್ದ. ನಾನು ಅವನ ಡಬ್ಬಿಯನ್ನು ಎರಡು ದಿನ ಜೋಳದ ಚೀಲದಲ್ಲಿ ಮುಚ್ಚಿಟ್ಟೆ. ಮೂರನೇ ದಿನ ಕಾರು ಹತ್ತಿದವನು ಬಜಾರದ ನಡುವೆಯೇ ನಿಲ್ಲಿಸಿ ಕೆಳಗೆ ಜಿಗಿದ.

"ನಿನ್ನೆತನಕ ಛಲೋ ಇತ್ತು. ಯಾರೋ ನನ್ನ ಗಾಡ್ಯಾಗ ಪೆಟ್ರೋಲ್ ಚೆಲ್ಲ್ಯಾರ."

೩. ಢಕ್ಕನ್

ಕುಬಸದ ದಿನ ಬಂದೇಬಿಟ್ಟಿತು. ಕಾಕಿ ಬಸ್ಸಿಗೆ ಹೋಗುತ್ತೇನೆಂದು ಚೀಲ ಹಿಡಿದಳು. ಕಾಕಾ ಕೈಮುಗಿದು, ಹುಮನಾಬಾದಿನ ಗಾಡಿ ಮಿಸ್ತ್ರಿ ರಿಪೇರಿ ಆಗಂಗಿಲ್ಲ ಅಂದರೆ ಗಾಡಿ ಅಲ್ಲೇ ಮಾರಿ ಬರುತ್ತೇನೆ ಅಂದ. ನಾಲ್ಕೂ ಕಿಟಕಿ ಇಳಿಸಿಕೊಂಡು ಹೋದೆವು.

ಮಿಸ್ತ್ರಿ ಕಾರಿನ ಕೆಳಗೆ ತೂರಿ ಪೈಪುಗಳನ್ನೆಲ್ಲ ಮುಟ್ಟಿ ನೋಡಿದ. ಸೋರಿಕೆ ಎಲ್ಲೂ ಇಲ್ಲ. ಟ್ಯಾಂಕಿನ ಮುಚ್ಚಳ ಬಿಚ್ಚಿದರೆ ಒಳಗಿನ ರಬ್ಬರು ಸುಟ್ಟ ಹಪ್ಪಳದ ಹಾಗೆ ಒಡೆದಿತ್ತು. ಆವಿ ಏಳುತ್ತಿದ್ದುದು ಅಲ್ಲಿಂದಲೇ.

ನಮ್ಮ ಕಡೆ ಮುಚ್ಚಳಕ್ಕೂ ಢಕ್ಕನ್ ಅನ್ನುತ್ತಾರೆ, ಬುದ್ಧಿ ಕಡಿಮೆ ಇದ್ದವನಿಗೂ ಢಕ್ಕನ್ ಅನ್ನುತ್ತಾರೆ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು, ಕಾಕಾನ ಪಕ್ಕ ನಿಂತಿದ್ದ ಕಾಕಿಗೆ ಹೇಳಿದ:

"ಅಕ್ಕಾರ, ಗಾಡಿ ಛಲೋ ಅದ. ಢಕ್ಕನ್ ಅಷ್ಟೇ ಖರಾಬ್ ಆಗೇದ. ಬದಲ್ ಮಾಡಿಬಿಡ್ರಿ."

ಕಾಕಿ ಕಾಕಾನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಇಪ್ಪತ್ತು ವರ್ಷ ಸಂಭಾಳಿಸೀನಿ, ಢಕ್ಕನ್ ಇರ್ಲಿ ಬಿಡಪ್ಪ. ಗಾಡಿನೇ ಬದಲ್ ಮಾಡ್ತೀವಿ."

ಹೊಸ ಮುಚ್ಚಳ ಕೂತಿತು, ವಾಸನೆ ಹೋಯಿತು, ಕಾರೂ ಉಳಿಯಿತು. ಇಷ್ಟು ಖರೆ. ಕಾಕಿಯ ಆ ಕೊನೆಯ ಮಾತು ಮಾತ್ರ ನಾನು ಕಟ್ಟಿದ್ದು. ಆಕೆ ನಿಜವಾಗಿ ಅಂದದ್ದು, "ಹೂಂ, ಬದಲ್ ಮಾಡಿಬಿಡ್ರಿ" ಅಂತ ಇಷ್ಟೇ. ಅಷ್ಟಕ್ಕೇ ಕಾಕಾ ಎರಡು ಹೆಜ್ಜೆ ಹಿಂದೆ ಸರಿದಿದ್ದ.