ಬೂಟಿನ ಪರೀಕ್ಷೆಗೆ ಬರಿಗಾಲಲ್ಲಿ ಹೋದದ್ದು

ಹಾವೇರಿಯ ಒಂದು ಚಪ್ಪಲಿ ಅಂಗಡಿಯಲ್ಲಿ ನಾನು ನಾಲ್ಕು ವರ್ಷಗಳಿಂದ ಸುಳ್ಳು ಹೇಳುತ್ತಿದ್ದೇನೆ. ದೊಡ್ಡ ಸುಳ್ಳುಗಳೇನಲ್ಲ, ಎರಡೇ ಎರಡು. ಬಿಗಿಯಾದರೆ, “ಹಾಕ್ಕೊಂಡು ಅಡ್ಡಾಡ್ರಿ, ಸಡಲ ಆಕ್ಕಾವು.” ಸಡಿಲಾದರೆ, “ಸಾಕ್ಸ್ ಹಾಕ್ಕೊಳ್ರಿ, ಬರೋಬ್ಬರಿ ಕುಂದರ್ತಾವು.” ಮನುಷ್ಯಕುಲದ ಕಾಲುಗಳೆಲ್ಲ ಈ ಎರಡರಲ್ಲಿ ಹಿಡಿಸಿಬಿಡುತ್ತವೆ. ಹೀಗೆ ಬೇರೆಯವರ ಹಿಮ್ಮಡಿಯ ಮೇಲೆ ಹಾಯಾಗಿ ಬದುಕು ನಡೆಸಿದ್ದವನಿಗೆ, ಸ್ವಂತ ಹಿಮ್ಮಡಿಯನ್ನೇ ಸಾಕ್ಷಿಗೆ ನಿಲ್ಲಿಸುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅಂಗಡಿಯ ಮಾಲೀಕರನ್ನು ಓಣಿಯವರೆಲ್ಲ ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೋದ ವರ್ಷ ನನ್ನ ಮಾತು ಕೇಳಿ ಅವರು ಕತ್ತಲಲ್ಲಿ ಹೊಳೆಯುವ ಚಪ್ಪಲಿ ತರಿಸಿದ್ದರು. ಅವು ಇವತ್ತಿಗೂ ನಮ್ಮ ಗೋಡೌನಿನಲ್ಲಿ ಹೊಳೆಯುತ್ತಿವೆ. ಅಲ್ಲಿ ಬಲ್ಬಿನ ಅಗತ್ಯವೇ ಇಲ್ಲ. ಹೀಗಾಗಿ, ಗುಡ್ಡ ಹತ್ತುವ ಬೂಟಿನ ಸ್ಯಾಂಪಲ್ ಒಂದು ಜೊತೆ ಬಂದಾಗ, “ಭಾರಿ ಓಡ್ತಾವ್ರಿ ಚಾಚಾ” ಎಂದು ನಾನು ಶುರು ಮಾಡುವಷ್ಟರಲ್ಲೇ ಅವರು ಕೈ ಎತ್ತಿದರು.

“ಮಂಜ್ಯಾ, ಬಾಯಿಲೆ ನಡೀಬ್ಯಾಡ, ಕಾಲಿಲೆ ನಡಿ. ಎರಡು ದಿನ ಎಲ್ಲ್ಯಾರ ಹೊರಗ ಹೋಗು, ಇವನ್ನ ಹಾಕ್ಕೊಂಡು ಅಡ್ಡಾಡು, ಬಂದು ಖರೇ ಹೇಳು. ಖರೇ ಹೇಳಿದಿ ಅಂದ್ರ ಮಾಲು ಆರಿಸಾಕ ಹುಬ್ಬಳ್ಳಿಗೆ ನನ್ನ ಜೋಡಿ ಬಾ. ಸುಳ್ಳು ಹೇಳಿದಿ ಅಂದ್ರ ಕೌಂಟರ್ ಬಿಟ್ಟು ಗೋಡೌನಿನ್ಯಾಗ ಕುಂದರು.”

ಹುಬ್ಬಳ್ಳಿಗೆ ಮಾಲು ಆರಿಸಲು ಹೋಗುವುದೆಂದರೆ ನಮ್ಮ ಅಂಗಡಿಯಲ್ಲಿ ಸಣ್ಣ ಪಟ್ಟಾಭಿಷೇಕವೇ. ಬೂಟು ಬಿಗಿದು ಹೊರಟೆ. ಕಾಗಿನೆಲೆಯ ಹತ್ತಿರ ನನ್ನ ಶಾಲೆಯ ಗೆಳೆಯ ಈರಣ್ಣ ತನ್ನ ಹೊಲದಲ್ಲಿ, ಬೇವಿನ ಮರದ ಕೆಳಗೆ ಮೂರು ಟೆಂಟು ಹೊಡೆದು ‘ಪ್ರಶಾಂತ ಕ್ಯಾಂಪ್’ ಎಂದು ಬೋರ್ಡು ಹಾಕಿದ್ದ. ಹೆಸರಿಗೆ ತಕ್ಕ ಹಾಗೆ ಅಲ್ಲಿಗೆ ಇನ್ನೂ ಯಾರೂ ಬಂದಿರಲಿಲ್ಲ. ಬ್ಯಾಡಗಿಯಿಂದ ಹಿಡಿದ ಬಸ್ಸಿನಲ್ಲಿ ಎಲ್ಲರಿಗೂ ಕಾಣಲೆಂದು ಕಾಲನ್ನು ನಡುದಾರಿಗೆ ಚಾಚಿ ಕುಳಿತಿದ್ದೆ. ಕಂಡಕ್ಟರ್ ಬೂಟು ನೋಡಿ, “ಮಿಲಿಟ್ರಿಯೊಳಗ ಅದೀರೇನ್ರಿ?” ಎಂದರು. ನಾನು ಉತ್ತರಿಸದೆ ಗಂಭೀರವಾಗಿ ಕಿಟಕಿಯಾಚೆ ನೋಡಿದೆ. ಇದನ್ನೂ ಸೇರಿಸಿದರೆ ನನ್ನ ಸುಳ್ಳುಗಳು ಮೂರಾಗುತ್ತವೆ.

ಕ್ಯಾಂಪಿನಲ್ಲಿ ಒಂದು ತೊಡಕಿತ್ತು. ರಸ್ತೆ ಈ ಕಡೆ, ಟೆಂಟು ಆ ಕಡೆ, ನಡುವೆ ಕಣ. ಕಣದ ತುಂಬ ಕೆಂಪಗೆ ಒಣಗುತ್ತಿದ್ದ ಮೆಣಸಿನಕಾಯಿ, ಅದರ ನಡುವೆ ಒಂದು ಕಾಲುದಾರಿ. ನಾನು ಹೊಸ ಬೂಟಿನ ಠೀವಿಯಲ್ಲಿ ಒಂದು ಹೆಜ್ಜೆ ಒಳಗಿಟ್ಟೆ.

“ಏ ತಮ್ಮಾ! ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು? ಲಕ್ಷ್ಮಿ ಒಣಗಾಕತ್ತಾಳ ಅಲ್ಲಿ! ಬಿಚ್ಚು ಬೂಟು!”

ಈರಣ್ಣನ ಅಜ್ಜಿ ಗಂಗವ್ವ. ವಯಸ್ಸು ಎಪ್ಪತ್ತರ ಮೇಲೆ, ದನಿ ಇಪ್ಪತ್ತರದು. ಬೆಳೆ ಬಿದ್ದ ಕಣಕ್ಕೆ ಕಾಲ್ಮರಿ ಹಾಕಿಕೊಂಡು ಹೋಗಬಾರದೆಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಲೇಸಿನ ಜೊತೆಗೆ ಬುದ್ಧಿಯನ್ನೂ ಬಿಗಿದುಬಿಟ್ಟಿದ್ದೆ, ಅಷ್ಟೆ.

ಒಂದೊಂದು ಬೂಟಿಗೆ ಹನ್ನೆರಡು ತೂತು. ಟೆಂಟಿಗೆ ಹೋಗಲು ಬಿಚ್ಚು, ಅಡ್ಡಾಡಲು ಕಟ್ಟು, ಚಹಾಕ್ಕೆ ಕರೆದರೆ ಮತ್ತೆ ಬಿಚ್ಚು. ಸಂಜೆಯೊಳಗೆ ಆರು ಸಲ ಬಿಚ್ಚಿದೆ, ಆರು ಸಲ ಕಟ್ಟಿದೆ. ಏಳನೆಯ ಸಲ ಮನಸ್ಸಾಕ್ಷಿಯನ್ನೂ ಬೂಟಿನೊಳಗೇ ತುರುಕಿ, ಎರಡನ್ನೂ ಕಣದ ಅಂಚಿಗೆ ಬಿಟ್ಟು ಬೇವಿನ ನೆರಳಿಗೆ ಹೋಗಿ ಮಲಗಿದೆ. ಅಂಗಾಲು ಚುರುಚುರು ಎನ್ನುತ್ತಿತ್ತು, ನಾಲ್ಕು ಉಸಿರಿಗೊಂದು ಸೀನು ಬರುತ್ತಿತ್ತು. ಉಳಿದಂತೆ ಕ್ಯಾಂಪು ನಿಜಕ್ಕೂ ಪ್ರಶಾಂತವಾಗಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಬೂಟಿಲ್ಲ! ಸ್ಯಾಂಪಲ್ಲು! ಈರಣ್ಣನನ್ನು ಎಬ್ಬಿಸಿಕೊಂಡು ಹೊಲದ ಕಡೆ ಓಡಿದರೆ, ಗೋವಿನಜೋಳಕ್ಕೆ ನೀರು ಹಾಯಿಸಿ ಗಂಗವ್ವ ಬದುವಿನ ಮೇಲೆ ಬರುತ್ತಿದ್ದಳು. ಸೀರೆ ಮೇಲಕ್ಕೆ ಕಟ್ಟಿದ್ದಳು, ಹೆಗಲ ಮೇಲೆ ಸಲಿಕೆ, ಕಾಲಲ್ಲಿ ನನ್ನ ಬೂಟು.

“ನನ್ನ ಚಪ್ಪಲಿ ಪಟ್ಟಿ ಹರದಿತ್ತು. ನೀ ಅಂತೂ ಹಾಕ್ಕೊಳ್ಳವಲ್ಲಿ. ಮುಂದ ಒಂದೀಟು ಅರಿವಿ ತುರುಕಿ ಹಾಕ್ಕೊಂಡೆ” ಎಂದಳು.

ಆಗಲೇ ಕಿತ್ತುಕೊಂಡು ನಾನೇ ನಡೆಯಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, “ಹೆಂಗ ಅದಾವಜ್ಜಿ?”

“ಜಾಲಿಮುಳ್ಳು ನಾಟವಲ್ದು, ಅದು ಚಲೋ. ರಾಡಿಯೊಳಗ ಜಾರವಲ್ದು. ಹಿಮ್ಮಡ ಮಾತ್ರ ಕಡೀತೈತಿ. ಹೊರಗಿನ ನೀರು ಒಳಗ ಬರೂದಿಲ್ಲ, ಖರೇ. ಆದ್ರ ಮ್ಯಾಲಿಂದ ಹೊಕ್ಕ ನೀರು ಒಳಗ ಸಂಸಾರ ಹೂಡ್ತೈತಿ ನೋಡು.”

“ನೀನ ಹಾಕ್ಕೋಬೇ ಅಜ್ಜಿ. ಇಂವ ಹಾಸಿಗಿ ಪರೀಕ್ಷೆ ಮಾಡಾಕ ಬಂದಾನ” ಎಂದ ಈರಣ್ಣ. ಉಳಿದ ಹೊತ್ತೆಲ್ಲ ಆಕೆ ನಡೆದಳು, ನಾನು ಬಾಯಿಪಾಠ ಮಾಡಿದೆ.

ಹಾವೇರಿಗೆ ಬಂದು ಚಾಚಾನ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಮುಳ್ಳು, ರಾಡಿ, ಹಿಮ್ಮಡ, ನೀರಿನ ಸಂಸಾರ ಯಾವುದನ್ನೂ ಬಿಡಲಿಲ್ಲ. ಚಾಚಾ ತಲೆದೂಗುತ್ತ ಕೇಳಿದರು. ಹುಬ್ಬಳ್ಳಿ ನನ್ನ ಕಣ್ಣಿಗೆ ಕಾಣತೊಡಗಿತು.

“ಶಾಬಾಸ್. ಹಿಮ್ಮಡ ಕಡೀತೈತಿ ಅಂದೆಲ್ಲಾ, ತೋರಸು ಗುಳ್ಳಿ.”

ನಲವತ್ತು ವರ್ಷ ಬೇರೆಯವರ ಕಾಲು ನೋಡಿದ ಮನುಷ್ಯ! ನನ್ನ ಹಿಮ್ಮಡಿ ಶೋಕೇಸಿನ ಮಾಲಿನಂತೆ ನುಣ್ಣಗಿತ್ತು. ಅಂಗಾಲು ಮಾತ್ರ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತ್ತು. “ಗುಳ್ಳಿ... ಗಂಗವ್ವನ ಕಾಲಾಗ ಐತ್ರಿ ಚಾಚಾ” ಎಂದು ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. “ಮಾತು ಖರೇ ಐತಿ ಬೇಟಾ. ಕಾಲು ನಿಂದಲ್ಲ, ಅಷ್ಟ” ಎಂದವರೇ ಈರಣ್ಣನಿಗೆ ಫೋನು ಹಚ್ಚಿಸಿ ಗಂಗವ್ವನ ಜೊತೆ ಬಹಳ ಹೊತ್ತು ಮಾತಾಡಿದರು. ಬೂಟು ತರಿಸುವುದೆಂದಾಯಿತು. ಹಿಮ್ಮಡ ಕಡಿಯುತ್ತದೆಂದು ಗಿರಾಕಿಗೆ ಮೊದಲೇ ಹೇಳುವುದೆಂದೂ ಆಯಿತು. ಮಾಲು ಆರಿಸಲು ಹುಬ್ಬಳ್ಳಿಗೆ ಗಂಗವ್ವ ಬರುವುದೆಂದೂ ಆಯಿತು. ಆಕೆಯದು ಒಂದೇ ಕರಾರು: ಅವತ್ತೊಂದು ದಿನ ಮೆಣಸಿನಕಾಯಿ ಕಾಯಲು ಯಾರಾದರೂ ಬೇಕು. ಫೋನು ಕಿವಿಯಲ್ಲಿರುವಾಗಲೇ ಚಾಚಾ ನನ್ನನ್ನು ನೋಡಿದರು.

ಹೀಗಾಗಿ ಇದನ್ನು ಕಣದ ಅಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೆಳಿಗ್ಗೆ ಚಾಚಾ ಗಂಗವ್ವನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ಹೋಗುವಾಗ ಆಕೆ, “ಆಡು ಬಂದ್ರ ಕುಂತಲ್ಲೆ ಹುಶ್ ಅನಬ್ಯಾಡ, ಎದ್ದು ಓಡು” ಎಂದು ಹೇಳಿ ಹೋದಳು. ನಾಲ್ಕು ಆಡುಗಳು ಆಗಲೇ ಬೇಲಿ ದಾಟಿ ನಿಂತಿವೆ. ಕುಳಿತಲ್ಲಿಂದಲೇ ಮೂರು ಸಲ ಹುಶ್ ಎಂದೆ. ಅವೂ ನನ್ನ ಮಾತನ್ನು ನಂಬುವ ಹಾಗೆ ಕಾಣುತ್ತಿಲ್ಲ.