ಮಾವನ ಲಾರಿಯ ಸಂಜೆವ್ರತ

ನನ್ನ ಸೋದರಮಾವನ ಲಾರಿ ಕಟ್ಟಾ ಜೈನ. ನಗಬೇಡಿ! ಹೊತ್ತು ಇಳಿಯುತ್ತಾ ಬಂದಂತೆ ಅದು ಬಾಯಿ ಮುಚ್ಚಿ ಕೂರುತ್ತದೆ, ಆಮೇಲೆ ಸಾಕ್ಷಾತ್ ದೇವೇಂದ್ರನೇ ಬಂದು ಕೀ ತಿರುಗಿಸಿದರೂ ತುಟಿಪಿಟಿಕ್ ಎನ್ನುವುದಿಲ್ಲ. ಇದು ನನ್ನ ಮಾತಲ್ಲ, ಮಾವನದೇ ಸಂಶೋಧನೆ. ನಮ್ಮ ಜೈನರ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಇಷ್ಟು ವರ್ಷ ನಮ್ಮ ಅಂಗಳದಲ್ಲಿದ್ದ ಲಾರಿ ಅಷ್ಟಾದರೂ ಕಲಿಯದಿರುತ್ತದೆಯೇ ಎಂಬುದು ಅವರ ವಾದ.

ಮಾವನ ಮನೆ ಶಿರ್ತಾಡಿಯಲ್ಲಿ. ಕಲ್ಲಿನ ಕೋರೆಯಿಂದ ಕೆಂಪುಕಲ್ಲು ತುಂಬಿ, ಬೆಳ್ತಂಗಡಿ, ಬಂಟ್ವಾಳದ ಕಡೆ ಮನೆ ಕಟ್ಟುವವರಿಗೆ ಇಳಿಸಿ ಬರುವುದು ಅವರ ಕೆಲಸ. ದಿನಕ್ಕೆ ಒಂದೇ ಲೋಡು. ನಾನು ಮೂಡುಬಿದಿರೆಯಲ್ಲಿ ಮಕ್ಕಳಿಗೆ ಸಂಧಿ ಸಮಾಸ ಕಲಿಸುವ ಮೇಷ್ಟ್ರು. ರಜೆ ಸಿಕ್ಕಿತೆಂದರೆ ಮಾವನ ಪಕ್ಕದ ಸೀಟಿನಲ್ಲಿ ಹಾಜರ್. ಲಾರಿಯ ಕಾಯಿಲೆಯನ್ನು ನಾನು ಕಣ್ಣಾರೆ ಕಂಡವನು. ಪೂರ್ತಿ ಕೆಟ್ಟ ಲಾರಿಯನ್ನು ರಿಪೇರಿ ಮಾಡಿಸಬಹುದು, ಪೂರ್ತಿ ಸರಿಯಿದ್ದದ್ದನ್ನು ಓಡಿಸಬಹುದು. ಮನಸ್ಸಾದಾಗ ಸ್ಟಾರ್ಟ್ ಆಗಿ, ಮನಸ್ಸಿಲ್ಲದಾಗ ಮುಷ್ಕರ ಹೂಡುವುದನ್ನು ಏನು ಮಾಡುವುದು ಹೇಳಿ!

ಮಾವ ಮೊದಲು ಕಂಡುಕೊಂಡ ಉಪಾಯ ಇಳಿಜಾರು. ಮನೆಯೆದುರಿನ ಇಳಿಜಾರಿನಲ್ಲಿ ಲಾರಿ ನಿಲ್ಲಿಸುವುದು, ಬೆಳಿಗ್ಗೆ ಬ್ರೇಕ್ ಬಿಟ್ಟು ಉರುಳಿಸಿ ಗೇರಿಗೆ ಹಾಕುವುದು. ಕೀ ತಿರುಗಿಸಿ ಸೆಲ್ಫ್ ಹೊಡೆಯುವ ಪ್ರಶ್ನೆಯೇ ಇಲ್ಲ. ಬರಬರುತ್ತಾ ಅವರಿಗೆ ಈ ಭೂಮಂಡಲದಲ್ಲಿ ಎರಡೇ ಬಗೆಯ ಜಾಗಗಳು ಕಾಣಿಸತೊಡಗಿದವು: ಇಳಿಜಾರು ಇರುವವು, ಪ್ರಯೋಜನಕ್ಕಿಲ್ಲದವು. ಅವರ ಮಗಳಿಗೆ ಮೂಡುಬಿದಿರೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ನಾವೆಲ್ಲ ಹುಡುಗನ ಓದು, ಕೆಲಸ ವಿಚಾರಿಸುತ್ತಿದ್ದರೆ ಮಾವ ಹುಡುಗನ ತಂದೆಯನ್ನು ಮೂಲೆಗೆ ಕರೆದು, ನಿಮ್ಮ ಅಂಗಳ ಸಮತಟ್ಟು ಉಂಟಲ್ಲ, ನಾನು ಬಂದಾಗ ಲಾರಿ ಎಲ್ಲಿ ನಿಲ್ಲಿಸುವುದು ಎಂದು ಕೇಳಿದರಂತೆ. ಪುಣ್ಯಕ್ಕೆ ಆ ಮನೆಯ ಹಿಂದೆ ಒಂದು ಗುಡ್ಡ ಇತ್ತು, ಮದುವೆ ಆಯಿತು.

ಹಾಗಂತ ಗ್ಯಾರೇಜಿಗೆ ತೋರಿಸಲಿಲ್ಲ ಎಂದುಕೊಳ್ಳಬೇಡಿ. ಬಂಟ್ವಾಳದ ಒಂದು ಗ್ಯಾರೇಜಿಗೆ ನಾನೇ ನಾಲ್ಕು ಸಲ ಜೊತೆಗೆ ಹೋಗಿದ್ದೇನೆ. ಆದರೆ ಖಾಲಿ ಲಾರಿ ಓಡಿಸಿ ಡೀಸೆಲ್ ದಂಡ ಮಾಡುವ ಜಾಯಮಾನ ಮಾವನದಲ್ಲ. ಆ ಕಡೆ ಯಾರಿಗಾದರೂ ಕಲ್ಲು ಬೇಕಾದ ದಿನವೇ, ಲೋಡಿನ ಸಮೇತ, ದಾರಿಯಲ್ಲಿ ಗ್ಯಾರೇಜಿಗೆ ನುಗ್ಗುವುದು. ಅಲ್ಲಿ ಮೆಕ್ಯಾನಿಕ್ ಕೀ ಮುಟ್ಟಿದ ಕೂಡಲೇ ಲಾರಿ ಗುರ್ರೆಂದು ಎದ್ದು ನಿಲ್ಲುತ್ತಿತ್ತು. ಹತ್ತು ಸಲ ತಿರುಗಿಸಿದರೆ ಹತ್ತು ಸಲವೂ! ಬ್ಯಾಟರಿ ಹೊಸತು ಹಾಕಿದ್ದಾಯಿತು, ಸೆಲ್ಫ್ ಮೋಟಾರು ಬಿಚ್ಚಿ ಜೋಡಿಸಿದ್ದಾಯಿತು. ನಾಲ್ಕನೆಯ ಸಲ ಆ ಮನುಷ್ಯ ಕೈ ಒರೆಸಿಕೊಳ್ಳುತ್ತಾ, "ಲಾರಿಗೆ ಏನೂ ಇಲ್ಲ ಮಾರಾಯ್ರೆ. ನೀವೇ ಒಮ್ಮೆ ಡಾಕ್ಟ್ರಿಗೆ ತೋರಿಸಿ," ಎಂದ.

ಮಾವನಿಗೆ ಸಿಟ್ಟು ನೆತ್ತಿಗೇರಿತು. ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಲಾರಿ ಕೈಕೊಟ್ಟ ದಿನಗಳಿಗೆಲ್ಲ ಸುತ್ತು ಹಾಕತೊಡಗಿದರು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ತಿಥಿ, ಸೆಖೆ, ಮೋಡ, ಪಕ್ಕದ ಸೀಟಿನಲ್ಲಿ ಕೂತವರು ಯಾರು. ಸ್ವಲ್ಪ ದಿನ ಅನುಮಾನ ನನ್ನ ನೀಲಿ ಅಂಗಿಯ ಮೇಲಿತ್ತು. ಅದನ್ನು ಹಾಕಿದ ದಿನ ನನ್ನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ನಾನು ಬಿಳಿ ಅಂಗಿ ಹಾಕಿ ಹೋದ ದಿನವೂ ಲಾರಿ ಕೈಕೊಟ್ಟಿತು, ಅಂಗಿ ನಿರ್ದೋಷಿ ಎಂದು ತೀರ್ಮಾನವಾಯಿತು. ಕೊನೆಗೆ ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಎದ್ದುಕಂಡಿತು. ಲಾರಿ ಬೆಳಗ್ಗೆ ಕೋರೆಯಲ್ಲಿ ಎಂದೂ ಕೈಕೊಟ್ಟಿಲ್ಲ, ಕೊಟ್ಟದ್ದೆಲ್ಲ ಇಳಿಹೊತ್ತಿನಲ್ಲಿ, ವಾಪಸು ಹೊರಡುವಾಗ. ಹೀಗೆ ಹುಟ್ಟಿತು ನೋಡಿ ಲಾರಿಯ ಸಂಜೆವ್ರತ! ನಾವೆಲ್ಲ ನಕ್ಕೆವು. ಓದಿದವನಾದ ನಾನೂ ನಕ್ಕೆನೇ ಹೊರತು, ಇಳಿಹೊತ್ತಿಗೆ ಬೇರೇನು ಬದಲಾಗುತ್ತದೆ ಎಂದು ಯೋಚಿಸಲಿಲ್ಲ.

ನಗು ನಿಂತದ್ದು ಅತ್ತೆ ಬಿದ್ದ ದಿನ. ಮಾವ ಮಧ್ಯಾಹ್ನಕ್ಕೆ ಬುತ್ತಿ ಒಯ್ಯುತ್ತಾರೆ, ಸಂಜೆಯ ಊಟ ಮನೆಯಲ್ಲೇ. ಲಾರಿ ಕೈಕೊಟ್ಟ ದಿನ ಹತ್ತಾರು ಜನರನ್ನು ಸೇರಿಸಿ ತಳ್ಳಿಸಿ ಮನೆ ತಲುಪುವಾಗ ಸೂರ್ಯ ಮುಳುಗಿರುತ್ತಿದ್ದ, ಮಾವ ನೀರೂ ಮುಟ್ಟದೆ ಮಲಗುತ್ತಿದ್ದರು. ಅವರೇನೋ ಗಟ್ಟಿ ಆಳು. ಆದರೆ ಮಾವ ಬಾರದೆ ಅತ್ತೆ ತಟ್ಟೆಯ ಮುಂದೆ ಕೂರುವವರಲ್ಲ, ಅವರ ಜೊತೆ ಇವರದೂ ಉಪವಾಸ. ಅತ್ತೆಗೆ ಸಕ್ಕರೆ ಕಾಯಿಲೆ ಉಂಟು, ಮಾತ್ರೆ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಅಂಥದ್ದೇ ಒಂದು ದಿನ ಕಣ್ಣು ಕತ್ತಲೆ ಬಂದು ಬಚ್ಚಲ ಹತ್ತಿರ ಕುಸಿದರು. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಕಾಯಬೇಡ, ಉಂಡುಬಿಡು ಎಂದು ಮಾವ ಬೈದರು, ಬೇಡಿಕೊಂಡರು. ಅತ್ತೆಯದು ಒಂದೇ ಮಾತು.

"ನೀವು ದಾರಿಯಲ್ಲಿ ಹಸಿದು ಕೂತಿರುವಾಗ ನನಗೆ ಗಂಟಲಲ್ಲಿ ಇಳಿಯುವುದಿಲ್ಲ."

ಮಾವನಿಗೆ ಬೇರೆ ಕಸುಬು ಗೊತ್ತಿಲ್ಲ, ಅತ್ತೆಗೆ ಹಟ ಬಿಡಲು ಗೊತ್ತಿಲ್ಲ. ಇನ್ನು ಸರಿಯಾಗಬೇಕಾದದ್ದು ಲಾರಿ ಒಂದೇ.

ಮರುವಾರ ಬೆಳ್ತಂಗಡಿಯ ಆಚೆಗಿನ ನೆರಿಯದಲ್ಲಿ ಒಂದು ಮನೆಗೆ ಕಲ್ಲು, ನನಗೂ ರಜೆ. ಅಂಗಳವೋ ಹಲಗೆಯ ಹಾಗೆ ಸಮತಟ್ಟು. ಮುಕ್ಕಾಲು ಪಾಲು ಕಲ್ಲು ಇಳಿದಾಗ ಮನೆಯ ಯಜಮಾನರು ಬಂದು, ಉಳಿದದ್ದನ್ನು ಬಾವಿಯ ಹತ್ತಿರ ಇಳಿಸಿ ಎಂದರು. ಮಾವ ಕೀ ತಿರುಗಿಸಿದರು. ಲಾರಿ ಒಂದೇ ಏಟಿಗೆ ಎದ್ದಿತು. ಬಾವಿಯ ಹತ್ತಿರ ನಿಲ್ಲಿಸಿ, ಆಫ್ ಮಾಡಿ, ಉಳಿದ ಕಲ್ಲು ಇಳಿಸಿ ಮತ್ತೆ ಕೀ ತಿರುಗಿಸಿದರೆ ಟಿಕ್ ಎಂಬ ಸದ್ದೂ ಇಲ್ಲ!

ನಾನು ಗಡಿಯಾರ ನೋಡಿದೆ. ಆಗಲೇ ಮೂರೂವರೆ ಗಂಟೆ, ಮುಂದೆ ಎರಡು ಗಂಟೆಯ ದಾರಿ. ಮಾವ ಮಾತ್ರ ಕನ್ನಡಿಯಲ್ಲಿ ಈಗಷ್ಟೇ ಇಳಿಸಿದ ಕಲ್ಲಿನ ರಾಶಿಯನ್ನೇ ನೋಡುತ್ತಿದ್ದರು. ಆಮೇಲೆ ಕೆಳಗಿಳಿದು, ಕಲ್ಲು ಇಳಿಸಿದ ನಾಲ್ವರು ಆಳುಗಳಿಗೂ ಹೇಳಿದರು:

"ಈ ಕಲ್ಲನ್ನು ವಾಪಸು ಮೇಲೆ ಹಾಕುವ."

ಇಳಿಸಿದ ಕಲ್ಲನ್ನು ಮತ್ತೆ ಏರಿಸುವುದೇ? ಒಬ್ಬ ನನ್ನ ಮುಖ ನೋಡಿದ, ಇನ್ನೊಬ್ಬ ಆಕಾಶ ನೋಡಿದ. ತಾವು ಪೂರಾ ಬೆಲೆ ಕೊಟ್ಟ ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ಯಜಮಾನರು ಗಾಬರಿಯಾಗಿ ಓಡಿಬಂದರು. ಮಾವ ತಾವೇ ಮುಂದಾಗಿ ಕಲ್ಲು ಎತ್ತತೊಡಗಿದರು. ಮರ್ಯಾದೆಗೆ ಎಲ್ಲರೂ ಕೈಹಾಕಿದರು, ನಾನೂ ಹಾಕಿದೆ, ಬೆರಳು ಜಜ್ಜಿಕೊಂಡೆ. ಕಲ್ಲು ಏರಿತು, ಕೀ ತಿರುಗಿತು, ಲಾರಿ ಎದ್ದಿತು! ಆಫ್ ಮಾಡಿ ಮತ್ತೆ ಇಳಿಸಿದರು. ಕೀ ತಿರುಗಿಸಿದರೆ ಲಾರಿ ಸತ್ತಿತ್ತು.

"ಹೊತ್ತಲ್ಲ ಮಾರಾಯ," ಎಂದರು ಮಾವ, "ಭಾರ."

ಹೌದಲ್ಲ! ಕೋರೆಯಲ್ಲಿ ಹೊರಡುವಾಗ ಲಾರಿ ತುಂಬಿರುತ್ತದೆ, ಗ್ಯಾರೇಜಿಗೆ ಹೋದಾಗಲೂ ತುಂಬಿರುತ್ತಿತ್ತು. ಖಾಲಿ ಲಾರಿಗೆ ಸೆಲ್ಫ್ ಹೊಡೆಯುವುದು ಕಲ್ಲು ಇಳಿಸಿ ಹೊರಡುವಾಗ ಮಾತ್ರ, ಅದು ಯಾವಾಗಲೂ ಇಳಿಹೊತ್ತು. ಇಷ್ಟು ದಿನ ನಾವು ಸೂರ್ಯನನ್ನು ದೂರಿದ್ದೆವು, ಪಾಪ.

ಮಾವ ಗೋಣಿ ಹಾಸಿ ಲಾರಿಯಡಿ ನುಗ್ಗಿದರು. ಬ್ಯಾಟರಿಯಿಂದ ಲಾರಿಯ ಚೌಕಟ್ಟಾದ ಚಾಸಿಗೆ ಬರುವ ದಪ್ಪ ಅರ್ಥ್ ವಯರಿನ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿತ್ತು. ಮೇಲೆ ಭಾರ ಇದ್ದಾಗ ಬಾಡಿ ಕೆಳಗೆ ಕೂತು ಅದನ್ನು ಒತ್ತಿ ಹಿಡಿಯುತ್ತಿತ್ತು, ಖಾಲಿಯಾದಾಗ ಬಿಟ್ಟುಬಿಡುತ್ತಿತ್ತು, ಸೆಲ್ಫಿಗೆ ಕರೆಂಟೇ ಹೋಗುತ್ತಿರಲಿಲ್ಲ. ಉಪ್ಪುಕಾಗದದಿಂದ ತಿಕ್ಕಿ, ಸ್ಪ್ಯಾನರಿನಿಂದ ಬಿಗಿದು ಹೊರಬಂದಾಗ ಅವರ ಮುಖವೆಲ್ಲ ಮಸಿ. ತಾವೇ ಕೀ ತಿರುಗಿಸಲು ಧೈರ್ಯ ಸಾಲದೆ ನನಗೆ ಹೇಳಿದರು. ನಾನು ತಿರುಗಿಸಿದೆ. ಖಾಲಿ ಲಾರಿ ಗುರ್ರೆಂದಿತು. ಯಜಮಾನರು ಕಲ್ಲು ಉಳಿಯಿತೆಂದು, ಆಳುಗಳು ಇನ್ನು ಏರಿಸಬೇಕಾಗಿಲ್ಲವೆಂದು, ಒಟ್ಟಿನಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು.

ನಾಲ್ಕೂಕಾಲಿಗೆ ನೆರಿಯ ಬಿಟ್ಟೆವು. ಬೆಳ್ತಂಗಡಿ ಪೇಟೆಯಲ್ಲಿ ಬಸ್ಸುಗಳ ಹಿಂದೆ ಸಿಕ್ಕಿಬಿದ್ದಾಗ ಮಾವ ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಶಿರ್ತಾಡಿ ಮುಟ್ಟಿದಾಗ ಬಿಸಿಲು ಇನ್ನೂ ಮನೆಯ ಮಾಡಿನ ಹಂಚಿನ ಮೇಲಿತ್ತು. ಅತ್ತೆ ಮೆಟ್ಟಿಲಲ್ಲಿ ಕೂತು ದಾರಿ ನೋಡುತ್ತಿದ್ದರು, ಮುಖ ಬಾಡಿತ್ತು.

ಮಾವ ಕೈಕಾಲು ತೊಳೆದು ಒಳಗೆ ಹೋದವರು ತಾವು ಕೂರಲಿಲ್ಲ. ಅತ್ತೆಯನ್ನು ಕೂರಿಸಿದರು. ನಾನು ಹುಟ್ಟಿದಂದಿನಿಂದ ಆ ಮನುಷ್ಯ ಅಡುಗೆಮನೆಯಲ್ಲಿ ಸೌಟು ಮುಟ್ಟಿದ್ದು ಕಂಡವನಲ್ಲ. ಈಗ ತಟ್ಟೆ ಇಟ್ಟು, ಅನ್ನ ಬಡಿಸಿ, ಸಾರು ಹಾಕಿದರು. ಅರ್ಧ ಸಾರು ನೆಲಕ್ಕೆ ಹೋಯಿತು. ಉಗುರಿನ ಸಂದಿಯ ಗ್ರೀಸ್ ಹೋಗಿರಲಿಲ್ಲ. ಅತ್ತೆ ಮೊದಲ ತುತ್ತು ಬಾಯಿಗಿಡುವವರೆಗೂ ಅವರು ಪಕ್ಕದಲ್ಲೇ ನಿಂತಿದ್ದರು. ಅದು ಗಂಟಲಲ್ಲಿ ಇಳಿಯಿತು. ಮಾವ ಸೌಟು ಹಿಡಿದುಕೊಂಡೇ ಮಗುವಿನ ಹಾಗೆ ಅತ್ತುಬಿಟ್ಟರು.

ಅತ್ತೆ ತಲೆಯೆತ್ತಿ ನೋಡಿದರು. ತಟ್ಟೆಯನ್ನು ಅವರ ಕಡೆ ಸರಿಸಿದರು.

"ಇನ್ನೊಂದು ಸೌಟು ಹಾಕಿ," ಎಂದರು. "ಹಸಿವಾಗ್ತಾ ಉಂಟು."