ಟೋಕಿಯೋಗೆ ಹೋದ ತುರಿಮಣೆ

ಜಗಳ ಶುರು ಮಾಡಿದವರು ಅದನ್ನು ತಮಗೆ ಬೇಕಾದಾಗ ನಿಲ್ಲಿಸಬಹುದು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಕಾನೂನು ಎಂದರೆ ರೇಷನ್ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳು, ಅಷ್ಟೇ. ಅಂಥವಳು ಜಪಾನಿನ ಕಾನೂನಿನಲ್ಲಿ ಸಿಕ್ಕಿಹಾಕಿಕೊಂಡದ್ದು ಹೇಗೆಂದು ಮೊಮ್ಮಕ್ಕಳಾದ ನೀವು ಮುಂದೆ ಕೇಳಬಹುದು. ಪ್ರಜ್ಞಾ ಹೇಳುವ ಮೊದಲು ನಾನೇ ಬರೆದಿಡುತ್ತೇನೆ. ಅವಳು ಹೇಳಿದರೆ ನಗುವ ಭಾಗ ಜಾಸ್ತಿ ಇರುತ್ತದೆ.

ನಿಮ್ಮ ಪ್ರಜ್ಞಕ್ಕ ಬಂಟ್ವಾಳದ ಶೆಡ್ಡಿನಲ್ಲಿ ಕಾಯಿ ತುರಿಯುವ ಮಡಚು ಮಣೆ ಮಾಡಿಸುತ್ತಾಳಲ್ಲ, ಅದನ್ನು ಜಪಾನಿನ ಒಂದು ಅಂಗಡಿಯವರು ಕೇಳಿದರು. ಕಳುಹಿಸುವಷ್ಟರಲ್ಲಿ ಅಲ್ಲಿನ ಒಬ್ಬ ವೃದ್ಧರು ತಡೆದರು. ಹೀಗೆ ಮಡಚುವ ಮಣೆ ತನ್ನ ಉಪಾಯವೆಂದು ಅವರು ಮೊದಲೇ ನೋಂದಾಯಿಸಿಕೊಂಡಿದ್ದರಂತೆ. ಅವರು ಅದರಲ್ಲಿ ಮೂಲಂಗಿ ತುರಿಯುತ್ತಾರಂತೆ. ದೊಡ್ಡ ಯಂತ್ರಗಳಿಗೆ ಪೇಟೆಂಟ್ ಇದ್ದ ಹಾಗೆ ಇಂಥ ಸಣ್ಣ ಉಪಾಯಗಳಿಗೂ ಆ ದೇಶದಲ್ಲಿ ಬೇರೆಯೇ ಕಾನೂನು ಉಂಟು. ವಿಚಾರಣೆ ನಡೆಸಿ ಆ ನೋಂದಣಿ ರದ್ದು ಮಾಡಿ ಎಂದು ಪ್ರಜ್ಞಾ ಟೋಕಿಯೋದ ಕಚೇರಿಗೆ ಅರ್ಜಿ ಹಾಕಿಸಿದಳು. ಈ ಉಪಾಯ ನಮ್ಮಲ್ಲಿ ಹಿಂದೆಯೇ ಇತ್ತು ಎನ್ನುವುದಕ್ಕೆ ಅವಳಿಗೆ ಸಿಕ್ಕಿದ ಸಾಕ್ಷಿ ನನ್ನದೊಂದು ಫೋಟೋ.

ಅದು ಮೂಡುಬಿದಿರೆಯ ಈ ಮನೆಯಲ್ಲೇ, ಅವಳ ಅಮ್ಮನ ಸೀಮಂತದ ದಿನ ಯಾರೋ ತೆಗೆದದ್ದು. ಮಡಚುವ ಮಣೆಯ ಮೇಲೆ ಕುಳಿತಿದ್ದೇನೆ. ಸೀರೆ ಮೊಣಕಾಲಿನವರೆಗೆ ಏರಿದೆ, ಕೂದಲಲ್ಲಿ ಕಾಯಿತುರಿ, ಬೈಯಲು ತೆರೆದ ಬಾಯಿ ತೆರೆದೇ ಇದೆ. "ಇದನ್ನು ಕಳಿಸ್ಲಾ ಅಜ್ಜಿ?" ಎಂದು ಕೇಳಿದಾಗ ಬೇಡ ಎನ್ನಲು ನಾಚಿಕೆಯಾಗಿ ಹ್ಞೂಂ ಎಂದುಬಿಟ್ಟೆ. ನೆಂಟರ ಮನೆಯಲ್ಲಿ ಮೂರನೆಯ ಸಲ ಪಾಯಸ ಬಡಿಸುವಾಗಲೂ ನನಗೆ ಹೀಗೆಯೇ ಆಗುತ್ತದೆ.

ಕೆಲವು ತಿಂಗಳಲ್ಲಿ ರಾಜಿಯಾಯಿತು. ಅವರೂ ಮಾರಲಿ, ಇವಳೂ ಮಾರಲಿ, ಇವಳು ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲಿ ಎಂದು. ತೀರ್ಮಾನ ಹೇಳುವವರು ನೋಡುವ ಮೊದಲೇ ನನ್ನ ಮೊಣಕಾಲು ಊರಿಗೆ ಮರಳುತ್ತದಲ್ಲ ಎಂದು ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ವಾರಗಳು ಕಳೆದರೂ ಏನೂ ಆಗಲಿಲ್ಲ.

"ಅವರ ಒಪ್ಪಿಗೆ ಬೇಕು ಅಜ್ಜಿ. ಕಾಗದ ಇನ್ನೂ ಬರ್ಲಿಲ್ಲ."

"ಯಾರ ಒಪ್ಪಿಗೆ?"

"ಆ ಜಪಾನಿನ ಅಜ್ಜನದ್ದೇ."

"ಅವರ ಮೇಲಲ್ವಾ ನೀನು ಅರ್ಜಿ ಹಾಕಿದ್ದು?"

"ಹೌದು. ಅವರು ಉತ್ತರ ಕೊಡುವ ಮೊದಲಾದ್ರೆ ನಾವೇ ತೆಗೀಬಹುದಿತ್ತು. ಈಗ ಉತ್ತರ ಕೊಟ್ಟಾಗಿದೆ. ಅವರು ಒಪ್ಪದಿದ್ರೆ ವಿಚಾರಣೆ ಮುಂದುವರೀತದೆ."

"ಹೊಡೆಯುವುದನ್ನು ನಿಲ್ಲಿಸ್ಲಿಕ್ಕೆ ಪೆಟ್ಟು ತಿನ್ನುವವರ ಅಪ್ಪಣೆ ಬೇಕಾ ಮಾರಾಯ್ತಿ?"

"ನೀವು ಊಟ ಮಾಡಿ ಸ್ವಲ್ಪ ಮಲಗಿ ಅಜ್ಜಿ."

ಮಲಗಿದೆ. ತಲೆಯೊಳಗೆ ಮಾತ್ರ ಗಿರಣಿ ತಿರುಗುತ್ತಲೇ ಇತ್ತು. ಆಗ ಬೆಳ್ತಂಗಡಿಯ ನಾದಿನಿ ಗಿರಿಜಾ ನೆನಪಾದಳು. ಒಮ್ಮೆ ಉಪ್ಪಿನಕಾಯಿ ಭರಣಿಯ ವಿಷಯಕ್ಕೆ ಜಗಳವಾಗಿ, ಇನ್ನು ನಿನ್ನ ಮನೆಯಲ್ಲಿ ನೀರು ಮುಟ್ಟಿದರೆ ದೇವರಾಣೆ ಎಂದುಬಿಟ್ಟಿದ್ದೆ. ಅವಳ ಮಗಳ ಮದುವೆ ಬಂದಾಗ ಆಣೆ ಬಿಡಿಸಿಕೊಳ್ಳಲೇಬೇಕಾಯಿತು. ಧರ್ಮಸ್ಥಳಕ್ಕೆ ಇಬ್ಬರೂ ಒಟ್ಟಿಗೆ ಹೋಗಬೇಕು ಎಂದರು ಹಿರಿಯರು. ಕರೆಯಲು ಹೋದರೆ ಗಿರಿಜಾ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ತಲೆ ಎತ್ತದೆ ಕೇಳಿದಳು: "ಆಣೆ ಹಾಕುವಾಗ ನನ್ನನ್ನು ಕೇಳಿದ್ರಾ ಅತ್ತಿಗೆ? ಬಿಡಿಸ್ಲಿಕ್ಕೆ ಮಾತ್ರ ನಾನು ಬೇಕಾ?" ಹೂ ಕಟ್ಟಿ ಮುಗಿಯುವವರೆಗೂ ನನ್ನನ್ನು ಕೂರಿಸಿ, ಆಮೇಲೆಯೇ ಹೊರಟಳು. ಅನ್ನಿಸಿಕೊಂಡು, ಉತ್ತರ ಹುಡುಕಿ, ನಾಲ್ಕು ಜನರ ಮುಂದೆ ಹೇಳಿದವರಿಗೆ ಯಾರ ಕಡೆ ನ್ಯಾಯವೆಂದು ಕೇಳಿ ತಿಳಿಯುವ ಆಸೆ ಇರುವುದಿಲ್ಲವೇ? ಜಪಾನಿನ ಆ ಹಿರಿಯರೂ ಹೀಗೆಯೇ ಹೂ ಕಟ್ಟುತ್ತಾ ಕೂತಿದ್ದಾರೆ ಎಂದುಕೊಂಡೆ. ಹಾಗಾದರೆ ಕರೆಯಲು ನಾನೇ ಹೋಗಬೇಕು. ಹೋಗಲಾಗದ್ದಕ್ಕೆ ಕಾಗದ ಬರೆದೆ.

"ಹಿರಿಯರೇ, ಆ ಮಣೆ ಯಾರ ಉಪಾಯವೂ ಅಲ್ಲ. ನಮ್ಮ ಯಜಮಾನರು ಅದರ ಮೇಲೆ ನಿಂತು ಬಲ್ಬ್ ಹಾಕಲು ಹೋಗಿ ಮುರಿದರು. ನನಗೆ ಗೊತ್ತಾಗಬಾರದೆಂದು ಬಚ್ಚಲಿನ ಬಾಗಿಲಿನ ಬಿಜಾಗರಿ ಬಿಚ್ಚಿ ತಂದು ಜೋಡಿಸಿದರು. ಅಂದಿನಿಂದ ಅದು ಮಡಚುತ್ತದೆ. ಫೋಟೋದಲ್ಲಿ ನಾನು ಬೈಯುತ್ತಿರುವುದು ಸೀಮಂತದ ದಿನ ಬಚ್ಚಲಿಗೆ ಬಾಗಿಲಿಲ್ಲವಲ್ಲ ಎಂದು. ತಾವು ದೊಡ್ಡ ಮನಸ್ಸು ಮಾಡಿ ಒಪ್ಪಿಗೆ ಕೊಡಬೇಕು."

ಓದಿದ ಪ್ರಜ್ಞಾಳ ಮುಖ ಬಿಳಿಚಿತು. "ಅಜ್ಜಿ, ನಮ್ಮದು ಉಪಾಯವೇ ಅಲ್ಲ ಅಂತ ನೀವೇ ಬರೆದ್ರೆ, ಹಾಗಾದ್ರೆ ಉಪಾಯ ತನ್ನದೇ ಅಂತ ಅವರು ಹಟ ಹಿಡಿದ್ರೆ? ಶೆಡ್ಡಿನಲ್ಲಿ ಪ್ಯಾಕ್ ಮಾಡಿಟ್ಟದ್ದೆಲ್ಲ ಅಲ್ಲೇ ಕೂತೀತು."

"ಮತ್ತೆ ಸುಳ್ಳು ಬರೀಲಾ?"

ಅವಳು ಕಾಗದ ಮಡಚಿಕೊಂಡು ಹೋದಳು. ಅದನ್ನು ಜಪಾನಿ ಭಾಷೆಗೆ ಹಾಕಿಸಿ, ನನ್ನ ಕೈಬರಹದ ಜೊತೆಗೇ ಕಳುಹಿಸಿದಳು. ಆ ದಿನಗಳಲ್ಲಿ ಅವಳ ಫೋನು ಸದ್ದು ಮಾಡಿದಾಗಲೆಲ್ಲ ನಾನು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಒಪ್ಪಿಗೆ ಬಂತು. ಕನಿಕರದಿಂದಲೋ, ಬಚ್ಚಲಿನ ಬಾಗಿಲಿನ ಜೊತೆ ವಾದ ಮಾಡುವುದು ಯಾಕೆಂದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅರ್ಜಿ ವಾಪಸಾಯಿತು, ಮಣೆಗಳು ಹಡಗು ಹತ್ತಿದವು. ಧೈರ್ಯ ಮಾಡಿ ಕೇಳಿದೆ.

"ಇನ್ನು ನನ್ನ ಫೋಟೋ ಯಾವಾಗ ಬರ್ತದೆ?"

"ಫೋಟೋ ಬರುವುದಿಲ್ಲ ಅಜ್ಜಿ. ಅರ್ಜಿ ಹಿಂದೆ ತೆಗೆದ್ರೂ ಫೈಲು ಅಲ್ಲೇ ಇರ್ತದೆ. ಯಾರಾದ್ರೂ ಕೇಳಿದ್ರೆ ತೋರಿಸ್ತಾರೆ." ನಗು ಮುಚ್ಚಲು ಸೆರಗಿಲ್ಲದ್ದಕ್ಕೆ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ನಿಮ್ಮ ಕಾಗದವನ್ನೂ ಆ ಅಜ್ಜ ಒಪ್ಪಿಗೆಯ ಜೊತೆಗೆ ಕಚೇರಿಗೆ ಕೊಟ್ಟಿದ್ದಾರೆ. ಅದೂ ಅದರಲ್ಲೇ ಉಂಟು."

ಅಷ್ಟರವರೆಗೆ ಫೋಟೋದಲ್ಲಿರುವ ಆ ಹೆಂಗಸು ಯಾಕೆ ಹಾಗೆ ಬಾಯಿ ತೆರೆದು ಕುಳಿತಿದ್ದಾಳೆಂದು ಟೋಕಿಯೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅವರಿಗೆ ನಾನೇ ಕೈಯಾರೆ ಬರೆದು ತಿಳಿಸಿದ್ದೇನೆ.